ಬೂಸ್ಟರ್ ಹಚ್ಚಿದರೂ ವೇಗ ಏಕೆ ಏರಲಿಲ್ಲ?

ಅಣ್ಣಾವರೆ, ನಮಸ್ಕಾರ. ಜಮಖಂಡಿ ಹತ್ತಿರದ ತಮ್ಮ ತೋಟದ ಮನೆಯಲ್ಲಿ 4ಜಿ ರೂಟರಿಗೆ ಬೂಸ್ಟರ್ ಹಚ್ಚಿದ ಮೇಲೆ ಸಿಗ್ನಲ್ ಕಡ್ಡಿಗಳು ಪೂರ್ತಿ ತುಂಬಿದರೂ ಡೌನ್‌ಲೋಡ್ ವೇಗ ಮೊದಲಿಗಿಂತ ಇಳಿದಿದೆ ಎಂದು ಬರೆದಿದ್ದೀರಿ. ನನ್ನ ಅಂದಾಜಿನಲ್ಲಿ ತೊಂದರೆ ಇರುವುದು ಬೂಸ್ಟರಿನಲ್ಲಿಯೇ.

ಟವರಿನಿಂದ ಒಂದೇ ಆವರ್ತನದಲ್ಲಿ ಎರಡು ಬೇರೆ ಬೇರೆ ಡೇಟಾ ಧಾರೆಗಳು ಬರುತ್ತವೆ. ಹೊರಗಿನ ಆಂಟೆನಾದೊಳಗೆ 45 ಡಿಗ್ರಿ ಎಡಕ್ಕೊಂದು, ಬಲಕ್ಕೊಂದು ಓರೆಯಾಗಿ ಕೂಡಿಸಿದ ಎರಡು ಭಾಗಗಳು ಅವನ್ನು ಹಿಡಿದು ಎರಡು ಕೇಬಲ್‌ಗಳಲ್ಲಿ ರೂಟರಿಗೆ ಕಳಿಸುತ್ತವೆ. ತಮ್ಮ ಫೋಟೋದಲ್ಲಿರುವಂತೆ ಒಂದೇ ಕೇಬಲ್ಲಿನ ಬೂಸ್ಟರ್ ನಡುವೆ ಬಂದರೆ ಎರಡೂ ಒಂದರಲ್ಲೊಂದು ಬೆರೆತು, ರೂಟರಿಗೆ ಬಿಡಿಸಲಾಗದೆ, ಟವರ್ ಒಂದೇ ಧಾರೆಗೆ ಇಳಿಯುತ್ತದೆ.

ಇನ್ನೊಂದು ಕಾರಣ ಸ್ವಲ್ಪ ಆಳದ್ದು. ಯಂತ್ರಾಂಶ ನಿರ್ದೋಷವಾಗಿದ್ದರೆ ಸಿಗ್ನಲ್ ಬಲ ಏರಿದಷ್ಟೂ ಸಾಮರ್ಥ್ಯ ಏರಬೇಕು. ಆದರೆ ಟವರಿನಲ್ಲಾಗಲಿ ಬೂಸ್ಟರಿನಲ್ಲಾಗಲಿ ಆಂಪ್ಲಿಫೈಯರ್ (ಸಿಗ್ನಲ್ ವರ್ಧಿಸುವ ಭಾಗ) ತನ್ನ ಮಿತಿ ಸಮೀಪಿಸಿದಾಗ ತರಂಗದ ತುದಿಯನ್ನು ಚಪ್ಪಟೆ ಮಾಡುತ್ತದೆ, ಆವರ್ತನ ಹುಟ್ಟಿಸುವ ಆಸಿಲೇಟರಿನ ಫೇಸ್, ಅಂದರೆ ತರಂಗದ ತಾಳ, ನಡುಗುತ್ತಿರುತ್ತದೆ. ಈ ವಿಕೃತಿ ಸಿಗ್ನಲ್ಲಿನ ಜೊತೆಗೇ ಬೆಳೆಯುತ್ತದೆ. ಕೆಸರು ನೀರಿಗೆ ದೊಡ್ಡ ಪಂಪ್ ಹಚ್ಚಿದರೆ ಕೆಸರೂ ಅಷ್ಟೇ ಹೆಚ್ಚು ಬರುವ ಹಾಗೆ. ಇದರ ಅಳತೆಗೆ ಇವಿಎಂ ಎನ್ನುತ್ತಾರೆ (ಮತಯಂತ್ರವಲ್ಲ, ಎರರ್ ವೆಕ್ಟರ್ ಮ್ಯಾಗ್ನಿಟ್ಯೂಡ್). ಕ್ವಾಮ್ ಎಂದರೆ ತರಂಗದಲ್ಲಿ ಡೇಟಾ ತುಂಬುವ ವಿಧಾನ, ಅದರ ಅಂಕಿ ದೊಡ್ಡದಾದಷ್ಟೂ ಒಂದು ಸಲಕ್ಕೆ ಹೆಚ್ಚು ಡೇಟಾ. 4ಜಿ ಟವರಿಗೆ 64-ಕ್ವಾಮ್‌ನಲ್ಲಿ ಶೇ. 8, 256-ಕ್ವಾಮ್‌ನಲ್ಲಿ ಶೇ. 3.5ರವರೆಗೆ ಇದಕ್ಕೆ ಅವಕಾಶವಿದೆ. ಶೇ. 8 ಎಂದರೆ ಸಿಗ್ನಲ್ ತನ್ನ ವಿಕೃತಿಗಿಂತ ಸುಮಾರು 22 ಡೆಸಿಬಲ್ ಮಾತ್ರ ಮೇಲೆ, ಶೇ. 3.5 ಎಂದರೆ 29. ನಾವು ಈಚೆ ಎಷ್ಟೇ ವರ್ಧಿಸಿದರೂ ಆ ಅಂತರ ಹಿಗ್ಗುವುದಿಲ್ಲ, ಅಗ್ಗದ ಬೂಸ್ಟರ್ ತನ್ನದೂ ಒಂದಿಷ್ಟು ಸೇರಿಸಿ ಇನ್ನೂ ಕುಗ್ಗಿಸುತ್ತದೆ. 5ಜಿ ಟವರಿನಲ್ಲಿ 64 ಆಂಟೆನಾ ಇದ್ದಾಗ ಒಂದೊಂದರ ವಿಕೃತಿ ಒಂದೊಂದು ಬಗೆಯದಾದ್ದರಿಂದ ಬಹಳಷ್ಟು ಸರಾಸರಿಯಲ್ಲಿ ಕರಗುತ್ತದೆ. ನಮ್ಮ ರೂಟರಿನದು ಮಾತ್ರ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಮೊದಲು ಬೂಸ್ಟರ್ ತೆಗೆಯಿರಿ. ಪರವಾನಗಿಯಿಲ್ಲದೆ ಅದನ್ನು ಹಚ್ಚುವುದು ಕಾನೂನಿಗೂ ವಿರುದ್ಧ. ಒಂದೇ ಜಾತಿಯ, ಒಂದೇ ಉದ್ದದ ಎರಡು ಕೇಬಲ್‌ಗಳನ್ನು ಆಂಟೆನಾದಿಂದ ನೇರವಾಗಿ ರೂಟರಿಗೆ ತನ್ನಿ. ರೂಟರನ್ನು ತಗಡಿನ ಕೆಳಗೆ ಇಡಬೇಡಿ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ತಡೆಯದು. ಕನೆಕ್ಟರ್ ಬಿಚ್ಚಿದಾಗ ನಡುವಿನ ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ನೀರು ಇಳಿದಿದೆ ಎಂದರ್ಥ. ಅಷ್ಟು ಕತ್ತರಿಸಿ ಹೊಸದು ಕೂಡಿಸಿ, ಮೇಲೆ ರಬ್ಬರ್ ಟೇಪ್ ಸುತ್ತಿರಿ. ಕಡ್ಡಿಗಳನ್ನು ಎಣಿಸದೆ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಎಸ್‌ಐಎನ್‌ಆರ್ ಅಂಕಿಯನ್ನು (ಗದ್ದಲ, ಅಡ್ಡಿಗಳಿಗಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದು; ಹೆಚ್ಚಿದ್ದಷ್ಟೂ ಒಳ್ಳೆಯದು) ನೋಡಿ. ಎರಡೂ ಪೋರ್ಟುಗಳ ಸಿಗ್ನಲ್ ಅಲ್ಲಿ ಬೇರೆ ಬೇರೆ ಕಾಣುತ್ತಿದ್ದು ಒಂದು ಬಹಳ ಕೆಳಗಿದ್ದರೆ, ರೂಟರಿನ ಬದಿಯಲ್ಲಿ ಕೇಬಲ್‌ಗಳನ್ನು ಅದಲುಬದಲು ಮಾಡಿ: ಕೊರತೆ ಇನ್ನೊಂದು ಪೋರ್ಟಿಗೆ ಹೋದರೆ ಕೇಬಲ್ ಅಥವಾ ಆಂಟೆನಾ ಕೆಟ್ಟಿದೆ, ಅಲ್ಲಿಯೇ ಉಳಿದರೆ ರೂಟರಿನ ಪೋರ್ಟ್ ಕೆಟ್ಟಿದೆ.