ಮಂಗಳೂರಲ್ಲಿ ಇದ್ದುಕೊಂಡು ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್ ಮ್ಯಾಚಿಗೆ ಇಳಿಯಬಹುದಾ?

ನಿಮಗೆ 41 ವರ್ಷ, ಮನೆ ಸುರತ್ಕಲ್ಲಿನಲ್ಲಿ, ಪಿಸ್ತೂಲನ್ನು ಇದುವರೆಗೆ ಕೈಯಲ್ಲಿ ಹಿಡಿದವರಲ್ಲ. ಓಡಿಕೊಂಡು, ತಟ್ಟಿಯ ಮರೆಯಿಂದ ಇಣುಕಿ ಗುರಿ ಹೊಡೆಯುವ ವಿಡಿಯೊ ನೋಡಿ ಆಸೆ ಹುಟ್ಟಿದೆ. ಇಲ್ಲಿ ಅಂಥ ಮ್ಯಾಚ್ ಉಂಟಾ, ಇದ್ದರೆ ಒಂದು ವರ್ಷ ಅಭ್ಯಾಸ ಮಾಡಿ ಹೋಗುವುದಾ, ಈಗಲೇ ಹೆಸರು ಕೊಡುವುದಾ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ: ಈಗಲೇ ಕೊಡಿ. ಮೊದಲನೆಯದಕ್ಕೆ ಸ್ವಲ್ಪ ಸುತ್ತು ಹಾಕಬೇಕು ಮಾರಾಯ್ರೆ.

ನಾನು ಉಡುಪಿ ಕಡೆಯವನು. ಕೆಲಸದ ಮೇಲೆ ಟೆಕ್ಸಾಸಿನಲ್ಲಿ ಒಂಬತ್ತು ವರ್ಷ ಇದ್ದೆ. ಗ್ರೀನ್ ಕಾರ್ಡ್ ಆದ ಮೇಲೆ, ಕೊನೆಯ ಮೂರು ವರ್ಷ, ತಿಂಗಳಿಗೊಂದು ಭಾನುವಾರ ಇದೇ ಮ್ಯಾಚ್ ಆಡಿದೆ. ಅಪ್ಪನಿಗೆ ಹುಷಾರಿಲ್ಲ ಎಂದು ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಈಗ ಮಂಗಳೂರಿನ ಒಂದು ರೇಂಜಿನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತೇನೆ.

ನೀವು ನೋಡಿದ ಆಟಕ್ಕೆ ಒಂದು ಕಟ್ಟುಪಾಡು ಬಂದದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ. ಅಮೆರಿಕದಲ್ಲಿ ಈ ಆಟ ನಡೆಸುವುದು ಯುಎಸ್‌ಪಿಎಸ್‌ಎ ಎಂಬ ಸಂಘ. ಲೆಕ್ಕ ಬಹಳ ಸರಳ, ಗಳಿಸಿದ ಅಂಕವನ್ನು ಹಿಡಿದ ಸೆಕೆಂಡಿನಿಂದ ಭಾಗಿಸುವುದು. ಬಂದದ್ದು ನಿಮ್ಮ ಹಿಟ್ ಫ್ಯಾಕ್ಟರ್. ರಟ್ಟಿನ ಟಾರ್ಗೆಟ್ಟಿನ ನಡುವಿನ ‘ಎ’ ಭಾಗಕ್ಕೆ 5 ಅಂಕ, ಅದರಾಚೆ, ಸಾಮಾನ್ಯ 9 ಎಂಎಂ ಗುಂಡು ಹೊಡೆಯುವವರಿಗೆ ‘ಸಿ’ಗೆ 3, ‘ಡಿ’ಗೆ 1. ತಪ್ಪಿದರೆ 10 ಕಡಿತ. ಹೊಡೆಯಬಾರದ ಟಾರ್ಗೆಟ್ಟಿಗೆ ಬಿದ್ದರೂ 10 ಕಡಿತ.

ನನ್ನ ಮೊದಲ ಸ್ಟೇಜಿನಲ್ಲಿ, ಅಂದರೆ ಮ್ಯಾಚಿನ ಒಂದು ಸುತ್ತಿನಲ್ಲಿ, ಎಂಟು ಟಾರ್ಗೆಟ್, ಒಂದೊಂದಕ್ಕೆ ಎರಡು ಗುಂಡು. ಮುಂಚೆ ಐದು ನಿಮಿಷ ಖಾಲಿ ಕೈಯಲ್ಲಿ ಬೆರಳು ಚಾಚಿಕೊಂಡು ನಡೆದು ನೋಡಲು ಬಿಡುತ್ತಾರೆ. ಎಲ್ಲ ಬಾಯಿಪಾಠ ಮಾಡಿಕೊಂಡೆ. ಹಿಂದೆ ನಿಂತ ಅಧಿಕಾರಿಯ ಕೈಯ ಟೈಮರ್ ‘ಬೀಪ್’ ಎಂದದ್ದೇ ತಡ, ಬಾಯಿಪಾಠ ಪೂರ್ತಿ ಮರೆತುಹೋಯಿತು. ಡ್ರಮ್ಮಿನ ಹಿಂದಿದ್ದ ಒಂದು ಟಾರ್ಗೆಟ್ಟನ್ನು ನೋಡದೆ ದಾಟಿ ಓಡಿದೆ. ಅದೊಂದರಿಂದಲೇ 30 ಅಂಕ ಹೋಯಿತು, ಎರಡು ಮಿಸ್ಸಿಗೆ 20, ಅತ್ತ ಹೊಡೆಯಲೇ ಇಲ್ಲ ಎಂಬುದಕ್ಕೆ 10. ಉಳಿದದ್ದು 26 ಅಂಕ, ಹಿಡಿದದ್ದು 31.2 ಸೆಕೆಂಡು, ಹಿಟ್ ಫ್ಯಾಕ್ಟರ್ 0.83. ನನ್ನ ನಂತರ ಮಂಡಿಗೆ ಪಟ್ಟಿ ಕಟ್ಟಿದ್ದ, ಎಪ್ಪತ್ತರ ಆಸುಪಾಸಿನ ಅಜ್ಜ ಒಬ್ಬ ಬಂದ. ಓಡಲೇ ಇಲ್ಲ, ತರಕಾರಿ ತರಲು ಹೊರಟ ಹಾಗೆ ನಡೆದ. 19 ಸೆಕೆಂಡು, 76 ಅಂಕ, ಹಿಟ್ ಫ್ಯಾಕ್ಟರ್ ಸರಿಯಾಗಿ 4.

ಯಾರೂ ನನ್ನನ್ನು ನೋಡಿ ನಗಲಿಲ್ಲ. ನನ್ನ ಸ್ಕೋರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅವರ ಕಣ್ಣಿದ್ದದ್ದು ಎರಡರ ಮೇಲೆ: ನಳಿಗೆಯ ಬಾಯಿ ಯಾವ ಕಡೆ ಉಂಟು, ಬೆರಳು ಎಲ್ಲಿ ಉಂಟು. ಜಾಗ ಬದಲಿಸುವಾಗ, ಮ್ಯಾಗಜಿನ್ ಬದಲಿಸುವಾಗ ಬೆರಳು ಟ್ರಿಗರಿನ ಬಳೆಯೊಳಗೆ ಇದ್ದರೆ, ಅಥವಾ ನಳಿಗೆ ಪಕ್ಕದ ಗೆರೆ ದಾಟಿ ಹಿಂದಕ್ಕೆ ತಿರುಗಿದರೆ, ಆ ಕ್ಷಣಕ್ಕೆ ‘ಸ್ಟಾಪ್’. ಅವತ್ತಿನ ಮಟ್ಟಿಗೆ ನೀವು ಮನೆಗೆ. ನನಗಿಂತ ಹತ್ತು ಪಟ್ಟು ಚೆನ್ನಾಗಿ ಹೊಡೆಯುವ ಒಬ್ಬ, ಓಡುತ್ತಾ ಮ್ಯಾಗಜಿನ್ ಹಾಕುವಾಗ ಕೈ ತಿರುಗಿ ಹಾಗೆ ಹೊರಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ವಾದ ಮಾಡಲಿಲ್ಲ. ಚೀಲ ಕಟ್ಟಿದ, ಆಮೇಲೆ ಮಧ್ಯಾಹ್ನದ ತನಕ ನಿಂತು ಉಳಿದವರ ಟಾರ್ಗೆಟ್ಟಿನ ತೂತುಗಳಿಗೆ ಸ್ಟಿಕ್ಕರ್ ಅಂಟಿಸಿದ.

ಆ ಸ್ಟಿಕ್ಕರ್ ಕೆಲಸವೂ ಆಟದ ಭಾಗವೇ. ಒಬ್ಬ ಹೊಡೆದು ಮುಗಿಸಿದ ಕೂಡಲೇ ಗುಂಪಿನವರೆಲ್ಲ ಹೋಗಿ ತೂತು ಮುಚ್ಚಬೇಕು, ಬಿದ್ದ ಕಬ್ಬಿಣದ ತಟ್ಟೆಗಳನ್ನು ಎತ್ತಿ ನಿಲ್ಲಿಸಬೇಕು. ನೆರಳಲ್ಲಿ ಕೂತು ಫೋನ್ ನೋಡುವವನನ್ನು, ಮದುವೆ ಮನೆಯಲ್ಲಿ ಮೊದಲ ಹಂತಿಗೆ ಕೂತು ಉಂಡು, ಬಡಿಸಲು ಕರೆದಾಗ ಕಾಣೆಯಾಗುವ ನೆಂಟನನ್ನು ನೋಡಿದ ಹಾಗೆ ನೋಡುತ್ತಾರೆ.

ಈಗ ನಮ್ಮೂರಿಗೆ ಬರುವಾ. ಐಪಿಎಸ್‌ಸಿ ನಿಯಮದಲ್ಲಿ ಪಿಸ್ತೂಲಿಗೆ ಕನಿಷ್ಠ ಬೇಕಾದ ಗುಂಡು 9×19, ಅಂದರೆ 9 ಎಂಎಂನದ್ದು. ನಮ್ಮ ಕಾನೂನಿನಲ್ಲಿ ಅದೇ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ), ಸಾಮಾನ್ಯ ಜನರಿಗೆ ಲೈಸೆನ್ಸ್ ಸಿಗುವುದಿಲ್ಲ. ಆ ಆಟ ಎಲ್ಲಿ ಶುರುವಾಗುತ್ತದೋ ಅಲ್ಲೇ ನಮ್ಮ ಬಾಗಿಲು ಮುಚ್ಚಿದೆ. ನಮ್ಮ ಎರಡು ಜಿಲ್ಲೆಗಳಲ್ಲಿ ಅಂಥ ಮ್ಯಾಚನ್ನು ನಾನು ಕಂಡಿಲ್ಲ. ಯಾರಾದರೂ ತೋಟದ ಮನೆಯಲ್ಲಿ ‘ಟ್ಯಾಕ್ಟಿಕಲ್ ಕ್ಯಾಂಪ್’ ಮಾಡುತ್ತೇವೆ ಬನ್ನಿ ಎಂದರೆ ಆ ಕಡೆ ತಲೆ ಹಾಕಬೇಡಿ. ಇನ್ನು ನಿಮ್ಮ ಮಾವನವರ ಬೆಳೆ ರಕ್ಷಣೆಯ ಕೋವಿಯಲ್ಲಿ ಅಭ್ಯಾಸ ಮಾಡಬಹುದಾ ಎಂದು ಕೇಳಿದ್ದೀರಲ್ಲ, ಬೇಡವೇ ಬೇಡ. ಅದು ಅವರ ಹೆಸರಿನ ಲೈಸೆನ್ಸ್, ಹಂದಿ ಮಂಗನ ಕಾಟಕ್ಕೆ ಕೊಟ್ಟದ್ದು. ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಇಟ್ಟು, ಮುಗಿದ ಮೇಲೆ ತರುವುದರಲ್ಲೇ ಅವರು ಬೇಸತ್ತಿರುತ್ತಾರೆ, ನೀವು ಇನ್ನೊಂದು ತಲೆನೋವು ಸೇರಿಸಬೇಡಿ. ಕೋವಿ ಹಿಡಿದ ಜನ ಸೇರಿ ಪಂದ್ಯ ಕಟ್ಟುವುದನ್ನು ಬರೀ ನೋಡಬೇಕೆಂದಿದ್ದರೆ ಕೈಲ್‌ಪೊಳ್ದ್ ಹಬ್ಬದ ಸಮಯಕ್ಕೆ ಕೊಡಗಿಗೆ ಹೋಗಿ ಬನ್ನಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಲ್ಲಿ ಇರುತ್ತದೆ.

ನಿಮಗೆ ತೆರೆದಿರುವ ದಾರಿ ಏರ್ ಪಿಸ್ತೂಲ್. .177, ಅಂದರೆ 4.5 ಎಂಎಂ ಬೋರಿನ ಒಳಗೆ, 20 ಜೂಲ್ ಶಕ್ತಿಯ ಒಳಗೆ ಇದ್ದರೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ, ಅಂಗಡಿಯಲ್ಲಿ ಗುರುತು ಮತ್ತು ವಿಳಾಸದ ದಾಖಲೆ ಕೊಟ್ಟರೆ ಆಯ್ತು. ಆದರೆ ಕೂಡಲೇ ಕೊಳ್ಳಬೇಡಿ. ಮ್ಯಾಚಿಗೆ ತಕ್ಕ ವಿದೇಶಿ ಪಿಸ್ತೂಲು ಲಕ್ಷದ ಮೇಲೆ ಹೋಗುತ್ತದೆ. ಮೊದಲ ಆರು ತಿಂಗಳು ರೇಂಜಿನವರದ್ದೇ ಸಾಕು. ನಾನು ಅವಸರ ಮಾಡಿ ಹಳೆಯದೊಂದನ್ನು ಕೊಂಡೆ. ಅದರ ಮರದ ಹಿಡಿ ಬೇರೆಯವರ ಅಂಗೈಗೆ ಕೊರೆದದ್ದು, ನನ್ನ ಹೆಬ್ಬೆರಳಿಗೆ ಜಾಗವೇ ಇಲ್ಲ. ಮೂರು ವಾರ ಕೂತು ಅರದಿಂದ ಉಜ್ಜಿದೆ.

ಇಲ್ಲಿನ ಮ್ಯಾಚ್ ಹೀಗೆ: 10 ಮೀಟರ್ ದೂರ, ಒಂದೇ ಕೈ, 60 ಗುಂಡು, 75 ನಿಮಿಷ. ಅದಕ್ಕೂ ಮುಂಚೆ ತಯಾರಿಗೆ, ಲೆಕ್ಕಕ್ಕೆ ಸೇರದ ಗುಂಡುಗಳಿಗೆ 15 ನಿಮಿಷ. ಹತ್ತಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್, ಹೆಚ್ಚು ಕಡಿಮೆ ಅಂಗಿಯ ಗುಂಡಿ. ಟೆಕ್ಸಾಸಿನಲ್ಲಿ ಓಡಿ ಬಂದವನು ನಾನು, ಇದೇನು ಮಕ್ಕಳಾಟ ಎಂದುಕೊಂಡು ಮೊದಲ ಮ್ಯಾಚಿಗೆ ನಿಂತೆ. ಹತ್ತು ಹತ್ತು ಗುಂಡಿನ ಆರು ಸರಣಿ ಹೀಗೆ ಬಂತು: 84, 79, 81, 82, 74, 87. ಒಟ್ಟು 487. ಪಕ್ಕದ ಲೇನಿನಲ್ಲಿ ಎಂಟನೇ ಕ್ಲಾಸಿನ ಹುಡುಗಿ 540ರ ಮೇಲೆ ಹೊಡೆದು, ಅಮ್ಮ ತಂದ ಗೋಳಿಬಜೆ ತಿನ್ನುತ್ತಾ ಕೂತಿದ್ದಳು.

ಆ 74 ಯಾಕೆ ಬಂತು ಎಂದು ಕೋಚ್ ಕೇಳಿದರು. ಕೈ ನಡುಗುತ್ತಿತ್ತು ಎಂದೆ. “ನಡುಗಿದರೆ ಹೊಡೆದದ್ದು ಯಾಕೆ? ಕೈ ಇಳಿಸಬಾರದಿತ್ತಾ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಟೆಕ್ಸಾಸಿನಲ್ಲಿ ಗಡಿಯಾರ ಓಡುತ್ತಿರುತ್ತದೆ, ಎತ್ತಿದ ಪಿಸ್ತೂಲನ್ನು ಹೊಡೆಯದೆ ಇಳಿಸುವ ಮಾತೇ ಇಲ್ಲ. ಇಲ್ಲಿ ಒಂದೊಂದು ಗುಂಡಿಗೆ 75 ಸೆಕೆಂಡು ಉಂಟು. ಏಳೆಂಟು ಸೆಕೆಂಡಿನಲ್ಲಿ ಗುಂಡು ಹೋಗದಿದ್ದರೆ ಇಳಿಸಿ, ಉಸಿರು ತೆಗೆದು, ಮತ್ತೆ ಎತ್ತಬೇಕು. ಈ ಇಳಿಸುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಮನೆಯಲ್ಲಿ ಒಬ್ಬನೇ ಗೋಡೆಗೆ ಬಿಳಿ ಕಾಗದ ಅಂಟಿಸಿ ಅಭ್ಯಾಸ ಮಾಡುವಾಗ ಸರಿಯಾಗಿ ಇಳಿಸುತ್ತೇನೆ. ಪಕ್ಕದ ಲೇನಿನಲ್ಲಿ ‘ಟಕ್’ ಎಂದು ಬೇರೆಯವರ ಗುಂಡು ಹೋದಾಗ ಮಾತ್ರ ಬೆರಳು ತಡೆಯುವುದಿಲ್ಲ. ಆ ‘ಟಕ್’ ಗೋಡೆಯ ಕಾಗದದ ಎದುರು ಕೇಳುವುದಿಲ್ಲವಲ್ಲ, ಹಾಗಾಗಿಯೇ ವರ್ಷ ಕಾಯದೆ ಈಗಲೇ ಹೆಸರು ಕೊಡಿ ಎಂದದ್ದು. ಮೂರು ತಿಂಗಳು ವಾರಕ್ಕೆರಡು ಸಲ ರೇಂಜಿಗೆ ಹೋದರೆ ಸ್ಥಳೀಯ ಮ್ಯಾಚಿಗೆ ಧಾರಾಳ ಸಾಕು.

ವೇಗದ ಆಸೆ ಹೋಗದಿದ್ದರೆ 25 ಮೀಟರ್ ರ‍್ಯಾಪಿಡ್ ಫೈರ್ ಉಂಟು. .22 ಪಿಸ್ತೂಲು, ಸಾಲಾಗಿ ಐದು ಟಾರ್ಗೆಟ್, 8 ಸೆಕೆಂಡಿನಲ್ಲಿ ಐದು ಗುಂಡು, ಆಮೇಲೆ ಅಷ್ಟನ್ನೇ 6 ಸೆಕೆಂಡಿನಲ್ಲಿ, ಆಮೇಲೆ 4 ಸೆಕೆಂಡಿನಲ್ಲಿ. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಅದಕ್ಕೆ ಲೈಸೆನ್ಸ್ ಬೇಕು, ರಾಜ್ಯ ರೈಫಲ್ ಸಂಸ್ಥೆಯ ಮೂಲಕ ಹೋಗಬೇಕು, ಏರ್ ಪಿಸ್ತೂಲಿನ ಸ್ಕೋರು ಕೈಯಲ್ಲಿದ್ದರೆ ಮಾತಾಡಲು ಒಂದು ಆಧಾರ. ವಯಸ್ಸಾಯಿತು ಎಂಬ ಚಿಂತೆ ಬೇಡ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ತಂದಾಗ ಅವರಿಗೆ 38. ಆದರೆ ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ಅದು ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಬೀಟಾ ಬ್ಲಾಕರ್ ಆಗಿದ್ದರೆ ಶೂಟಿಂಗಿನಲ್ಲಿ ಅದು ನಿಷೇಧಿತ ಮದ್ದಿನ ಪಟ್ಟಿಯಲ್ಲಿ ಉಂಟು, ಕೈ ನಡುಕ ಕಡಿಮೆ ಮಾಡುತ್ತದೆ ಎಂಬ ಕಾರಣಕ್ಕೆ. ನೀವಾಗಿ ನಿಲ್ಲಿಸಬೇಡಿ. ಡಾಕ್ಟರರಿಗೆ ಶೂಟಿಂಗ್ ವಿಷಯ ಹೇಳಿ, ರೇಂಜಿನಲ್ಲೂ ಮೊದಲೇ ತಿಳಿಸಿ.

ಹೋಗುವಾಗ ಒಂದು ಹತ್ತಿಯ ಟವೆಲ್ ಒಯ್ಯಿರಿ, ನಮ್ಮ ಸೆಕೆಗೆ ಅಂಗೈ ಬೆವರಿ ಹಿಡಿ ಜಾರುತ್ತದೆ. ಮತ್ತೆ ನಲವತ್ತು ದಾಟಿದ ಕಣ್ಣಿಗೆ ಕೈಯಳತೆಯ ದೂರದ ಫ್ರಂಟ್ ಸೈಟ್ (ನಳಿಗೆಯ ತುದಿಯ ಗುರಿ ಗುರುತು) ಸ್ಪಷ್ಟ ಕಾಣಬೇಕು, ಟಾರ್ಗೆಟ್ ಮಸುಕಾದರೆ ಅಡ್ಡಿಯಿಲ್ಲ. ಓದುವ ಕನ್ನಡಕವೂ ಅಲ್ಲ, ದೂರದ್ದೂ ಅಲ್ಲ, ನಡುವಿನದ್ದು ಬೇಕು. ಉಡುಪಿಯ ಕಣ್ಣಿನ ಡಾಕ್ಟರರ ಎದುರು ಬಲಗೈ ಚಾಚಿ, “ಇಷ್ಟು ದೂರದ್ದು ಕಾಣಬೇಕು, ಆಚೆಯದ್ದು ಮಸುಕಾದರೆ ತೊಂದರೆ ಇಲ್ಲ” ಎಂದೆ. ಅವರು ಒಂದು ಕ್ಷಣ ನೋಡಿ, “ನೀವು ಭಾಗವತರಾ? ಪ್ರಸಂಗದ ಪುಸ್ತಕ ನೋಡಲಿಕ್ಕಾ?” ಎಂದು ಕೇಳಿದರು. ಹೌದೆಂದುಬಿಟ್ಟೆ. ಕನ್ನಡಕ ಸರಿಯಾಗಿ ಬಂತು.