ಆಸನ ಚೆನ್ನಾಗಿ ಬರುವವರಿಗೂ ಯೋಗ ಶಿಕ್ಷಕರ ತರಬೇತಿಯಲ್ಲಿ ಮೂಳೆ-ಕೀಲುಗಳ ಪಾಠ ಯಾಕೆ?

ಯಾಕೆಂದರೆ ನೀವು ಕಲಿಸುವುದು ನಿಮ್ಮ ಮೈಗಲ್ಲ, ಎದುರಿಗೆ ಕೂತವರ ಮೈಗೆ. ಎಲ್ಲರ ಮೂಳೆಯೂ ಒಂದೇ ಆಕಾರದಲ್ಲಿ ಇರುವುದಿಲ್ಲ.

ಪದ್ಮಾಸನವನ್ನೇ ನೋಡಿ. ಅಲ್ಲಿ ತಿರುಗಬೇಕಾದದ್ದು ಸೊಂಟದ ಕೀಲು. ತೊಡೆಮೂಳೆಯ ಗುಂಡು ತಲೆ ಒಂದು ಗುಳಿಯೊಳಗೆ ಹೊರಗಡೆಗೆ ತಿರುಗುತ್ತದೆ. ಆ ಗುಳಿಯ ಆಳ, ದಿಕ್ಕು ಒಬ್ಬೊಬ್ಬರಿಗೆ ಒಂದೊಂದು ಥರ. ಸೊಂಟ ತಿರುಗದಿದ್ದರೂ ಕಾಲನ್ನು ಎಳೆದು ಇಟ್ಟರೆ ಆ ತಿರುಚು ಮಂಡಿಗೆ ಬೀಳುತ್ತದೆ. ಮಂಡಿ ಮುಖ್ಯವಾಗಿ ಬಾಗಿಲ ಕೀಲಿನ ಹಾಗೆ, ಮಡಚೋಕೆ ಇರುವುದು. ತಿರುಚಿದರೆ ಒಳಗಿನ ಮೆತ್ತೆಯಂಥ ಮೃದ್ವಸ್ಥಿ ನಲುಗುತ್ತದೆ, ಹರಿಯಲೂಬಹುದು.

ಮಡಿಕೇರಿಯಲ್ಲಿ ನನ್ನ ತರಗತಿಗೆ ಕಾಫಿ ತೋಟದಲ್ಲಿ ದುಡಿಯುವ ಅಕ್ಕ ಒಬ್ಬರು ಬರುತ್ತಾರೆ. ಚಕ್ಕಳಮಕ್ಕಳ ಹಾಕಿ ಕೂತರೆ ಅವರ ಮಂಡಿ ನೆಲದಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತದೆ. ಮಳೆಗಾಲದ ಚಳಿಯಲ್ಲಿ ಬಿಗಿತ ಇನ್ನೂ ಜಾಸ್ತಿ. ನಾನು ಒತ್ತಲು ಹೋಗಲಿಲ್ಲ. ಕಂಬಳಿ ಮಡಚಿ ಅದರ ಮೇಲೆ ಕೂರಿಸಿದೆ. ಬೆನ್ನು ತಾನಾಗಿ ನೇರವಾಯಿತು, ಉಸಿರು ನಿಧಾನವಾಯಿತು.

ಧ್ಯಾನ, ತತ್ವದ ಪಾಠವೂ ಸೇರುವುದು ಇಲ್ಲೇ. ಪತಂಜಲಿ ಆಸನಕ್ಕೆ ಹೇಳಿದ ಗುಣ ಎರಡೇ: ಸ್ಥಿರ, ಸುಖ. ಮಂಡಿ ನೋಯುತ್ತಿದ್ದರೆ ಮನಸ್ಸು ಅಲ್ಲೇ ಇರುತ್ತದೆ, ಅಲ್ವಾ? ಯೋಗ ಶಿಕ್ಷಕರ 200 ಗಂಟೆಯ ತರಬೇತಿಗೆ ಸೇರುವ ಮುಂಚೆ, ಅದರಲ್ಲಿ ಅಂಗರಚನೆಗೆ, ಅಂದರೆ ಈ ಮೂಳೆ-ಕೀಲುಗಳ ಪಾಠಕ್ಕೆ, ಎಷ್ಟು ಗಂಟೆ ಅಂತ ಖಂಡಿತ ಕೇಳಿ.