ಬ್ಯಾನರ್ ಬೇಡ, ಶನಿವಾರ ಬಾ

ಮೂರು ವರ್ಷ ಮೈಸೂರಿನ ಹಾಸ್ಟೆಲ್‌ನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿ ಇದ್ದವಳು ನೀನು. ನಾನು ನಿದ್ದೆಯಲ್ಲಿ ಬಡಬಡಿಸುವುದೂ ಕನ್ನಡದಲ್ಲೇ ಎಂದು ನಿನಗೆ ಗೊತ್ತು. ಆದರೂ ಮೊನ್ನೆ ಫೋನಿನಲ್ಲಿ ಕೇಳಿಬಿಟ್ಟೆಯಲ್ಲ ಮಾರಾಯ್ತಿ: "ನಮ್ಮ ಯೂನಿವರ್ಸಿಟಿಯಿಂದ ಗಡಿ ಶಾಲೆಗಳಲ್ಲಿ ಒಂದು ದಿನದ ಕಾರ್ಯಕ್ರಮ ಮಾಡ್ತಿದ್ದೀವಿ. ಮಕ್ಕಳಿಗೆ ಡಿಗ್ರಿ ಓದೋ ಆಸೆ ಹುಟ್ಟಿಸಬೇಕು. ನಿಮ್ಮ ಕಾಸರಗೋಡಿಗೂ ಬರ್ತೀವಿ. ಅಲ್ಲಿನ ಮಕ್ಕಳಿಗೆ ಕನ್ನಡ ಅರ್ಥ ಆಗುತ್ತಾ, ಇಲ್ಲ ಇಂಗ್ಲಿಷ್‌ನಲ್ಲೇ ಮಾತಾಡಬೇಕಾ?"

ಆಗ ನಗು ಬಂತು. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ರಾತ್ರಿ ಉಂಡ ಮೇಲೆ ಎರಡೂ ಇಳಿಯಿತು. ಹಾಗಾಗಿ ಈಗ ಬರೆಯುತ್ತಿದ್ದೇನೆ.

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಕಥೆ ಮತ್ತೆ ಹೇಳುವುದಿಲ್ಲ. ಪ್ರತಿ ರಾಜ್ಯೋತ್ಸವಕ್ಕೂ ಅದನ್ನೇ ಹೇಳಿ ನಿನ್ನ ತಲೆ ತಿಂದಿದ್ದೇನೆ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಜಾಗ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಬರೆಯಿತು. ನಾವು ಇದ್ದಲ್ಲೇ ಇದ್ದೇವೆ. ಇಷ್ಟು ಸಾಕು.

ನಾನು ಕಲಿಸುವುದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ, ವಿಜ್ಞಾನ. ಒಂದನೇ ಕ್ಲಾಸಿನಿಂದ ಹತ್ತರವರೆಗೆ ಮಕ್ಕಳು ಓದುವುದು ಕನ್ನಡದಲ್ಲಿ. ಎಸ್ಸೆಸ್ಸೆಲ್ಸಿ ಬರೆಯುವುದೂ ಕನ್ನಡದಲ್ಲೇ. ಪುಸ್ತಕ ಮಾತ್ರ ಕೇರಳ ಸರ್ಕಾರದ್ದು. ಮನೆಯಲ್ಲಿ ಒಬ್ಬಳದು ತುಳು, ಇನ್ನೊಬ್ಬನದು ಬ್ಯಾರಿ, ಮತ್ತೊಬ್ಬನದು ಕೊಂಕಣಿ. ಹಿಂದಿನ ಬೆಂಚಿನವನದು ಮರಾಠಿ. ಹವ್ಯಕ ಕನ್ನಡ ಬೇರೆ ಉಂಟು, ಅದು ನಿನಗೆ ಅರ್ಥವಾಗುವುದಿಲ್ಲ. ಇವರೆಲ್ಲ ಆಟದ ಮೈದಾನದಲ್ಲಿ ಜಗಳ ಮಾಡುವುದು ಕನ್ನಡದಲ್ಲಿ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ವಾ?

ಇನ್ನು ಆ "ಆಸೆ ಹುಟ್ಟಿಸುವ" ಮಾತು. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ ತೆಗೆದು ನೋಡು. 2021-22ರಲ್ಲಿ 18ರಿಂದ 23 ವಯಸ್ಸಿನವರ ಕಾಲೇಜು ದಾಖಲಾತಿ ಪ್ರಮಾಣ ಇಡೀ ದೇಶಕ್ಕೆ ಶೇಕಡಾ 28.4, ಕರ್ನಾಟಕಕ್ಕೆ 36.2, ಕೇರಳಕ್ಕೆ 41.3. ನಾವು ಇರುವುದು ಈ 41.3ರ ಒಳಗೆ. ನಮ್ಮ ಮಕ್ಕಳ ಅಮ್ಮಂದಿರು ಬೀಡಿ ಕಟ್ಟಿ, ಅಡಿಕೆ ಸುಲಿದು ಪುಸ್ತಕ ತರುತ್ತಾರೆ. ಆಸೆ ಬೇಕಾದಷ್ಟು ಉಂಟು. ಆಸೆ ಹುಟ್ಟಿಸಲು ಬೆಂಗಳೂರಿನಿಂದ ರೈಲು ಹತ್ತಿ ಬರುವುದು ಬೇಡ.

ವಿಶ್ವವಿದ್ಯಾಲಯಗಳೂ ದೂರ ಇಲ್ಲ. ಕೊಣಾಜೆಯ ಗುಡ್ಡದ ಮೇಲೆ 1980ರಿಂದ ಮಂಗಳೂರು ವಿಶ್ವವಿದ್ಯಾಲಯ. ದಕ್ಷಿಣಕ್ಕೆ 1996ರಲ್ಲಿ ಶುರುವಾದ ಕಣ್ಣೂರು ವಿಶ್ವವಿದ್ಯಾಲಯ. ನಮ್ಮ ಜಿಲ್ಲೆಯ ಪೆರಿಯದಲ್ಲೇ 2009ರ ಕೇಂದ್ರೀಯ ವಿಶ್ವವಿದ್ಯಾಲಯ. ಕಾಸರಗೋಡಿನ ಸರ್ಕಾರಿ ಕಾಲೇಜು 1957ರದ್ದು, ಅಲ್ಲಿ ಕನ್ನಡ ಎಂ.ಎ. ಉಂಟು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರ್ಕಾರಿ ಕಾಲೇಜು. ಮ್ಯಾಪಿನಲ್ಲಿ ನೋಡಿದರೆ ಇವರಿಗೆಲ್ಲ ಇನ್ನೇನು ಬೇಕು ಅನ್ನಿಸುತ್ತದೆ. ನಿನಗೂ ಹಾಗೇ ಅನ್ನಿಸಿತ್ತು.

ಆದರೆ ಮ್ಯಾಪಿನಲ್ಲಿ ಪ್ಲಸ್ ವನ್, ಅಂದರೆ ನಿಮ್ಮ ಕಡೆಯ ಮೊದಲ ಪಿಯುಸಿ, ಕಾಣುವುದಿಲ್ಲ. ನಾನು ವರ್ಷವಿಡೀ ಗುದ್ದಾಡುವುದು ಅದರ ಜೊತೆ. ಸ್ವಲ್ಪ ನಿಧಾನವಾಗಿ ಓದು.

ಹತ್ತನೇ ಕ್ಲಾಸಿನವರೆಗೆ ನಮ್ಮ ಮಗು ಎಲೆ ಆಹಾರ ತಯಾರಿಸುವುದನ್ನು ದ್ಯುತಿಸಂಶ್ಲೇಷಣೆ ಎಂದು ಕಲಿತಿರುತ್ತದೆ. ಈ ಪದ ನಾಲಿಗೆಗೆ ಹತ್ತಲು ಎರಡು ವಾರ ಬೇಕು, ಆದರೆ ಹತ್ತಿದ ಮೇಲೆ ಬಿಡುವುದಿಲ್ಲ. ಜೂನ್‌ನಲ್ಲೋ ಜುಲೈನಲ್ಲೋ ಸೀಟಿನ ಅಲಾಟ್‌ಮೆಂಟ್ ಬಂದು ಅದೇ ಮಗು ಪ್ಲಸ್ ವನ್‌ಗೆ ಹೋಗುತ್ತದೆ. ಅಲ್ಲಿ ಪುಸ್ತಕ ಇಂಗ್ಲಿಷ್, ಹಾಗಾಗಿ ಎಲೆ ಮಾಡುವ ಕೆಲಸ ಫೋಟೋಸಿಂಥಸಿಸ್ ಆಯಿತು. ಸರಿ, ಅದನ್ನೂ ಬಾಯಿಪಾಠ ಮಾಡಬಹುದು. ಆದರೆ ಮೇಷ್ಟ್ರು ಅದನ್ನು ಬಿಡಿಸಿ ಹೇಳುವುದು ಮಲಯಾಳದಲ್ಲಿ. ಈಗ ಅದು ಪ್ರಕಾಶಸಂಶ್ಲೇಷಣಂ. ಒಂದು ಎಲೆ, ಮೂರು ಹೆಸರು. ಎಲೆ ಪಾಪ ಸುಮ್ನೆ ಬಿಸಿಲಲ್ಲಿ ನಿಂತಿರುತ್ತದೆ.

ಭೌತಶಾಸ್ತ್ರದಲ್ಲೂ ಇದೇ. ನಮ್ಮ ವೇಗೋತ್ಕರ್ಷ ಅಲ್ಲಿ ತ್ವರಣಂ, ಪುಸ್ತಕದಲ್ಲಿ ಆಕ್ಸಿಲರೇಶನ್. ಗುರುತ್ವಾಕರ್ಷಣೆ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬೀಳುವುದಕ್ಕೆ ಭಾಷೆ ಬೇಡ ಅಲ್ವಾ.

ಮೇಷ್ಟ್ರ ತಪ್ಪಿಲ್ಲ. ಅವರು ತಿರುವನಂತಪುರದ ಕಡೆಯಿಂದಲೋ ಕೊಲ್ಲಂನಿಂದಲೋ ವರ್ಗವಾಗಿ ಬಂದವರು. ಕ್ಲಾಸಿನಲ್ಲಿ ಮುಕ್ಕಾಲುಪಾಲು ಮಕ್ಕಳಿಗೆ ಅವರ ಮಾತು ಅರ್ಥವಾಗುತ್ತದೆ. ಅರ್ಥವಾಗದ ಐದಾರು ಮಂದಿ ಕೊನೆಯ ಬೆಂಚಿನಲ್ಲಿ ತಲೆ ಆಡಿಸುತ್ತಿರುತ್ತಾರೆ. ಪೇಟೆಯ ಮಕ್ಕಳಿಗೆ ಮಲಯಾಳ ಬರುತ್ತದೆ. ಎಣ್ಮಕಜೆ, ವರ್ಕಾಡಿಯ ಒಳಗಿನಿಂದ ಬರುವವರಿಗೆ ಕಷ್ಟ. ನನ್ನ ಒಬ್ಬ ಹುಡುಗನಿಗೆ ಮೊದಲ ದಿನವೇ ಮೇಷ್ಟ್ರು "ಸಂಸಾರಿಕ್ಕರುತ್" ಅಂದರಂತೆ. ಮಾತಾಡಬೇಡ ಎಂದು ಅದರ ಅರ್ಥ. ಅವನು ಮನೆಗೆ ಹೋಗಿ ಅಜ್ಜಿಗೆ, "ಸಂಸಾರ ಮಾಡಬಾರದಂತೆ" ಎಂದು ಹೇಳಿದ. ಅಜ್ಜಿಗೆ ಗಾಬರಿ. "ಹದಿನಾರು ವರ್ಷದ ಹುಡುಗನಿಗೆ ಇದನ್ನೆಲ್ಲ ಯಾಕೆ ಹೇಳುವುದು?"

ನಾವು ಈ ಕಥೆ ಹೇಳಿಕೊಂಡು ಬಹಳ ನಗುತ್ತೇವೆ. ಆದರೆ ಇನ್ನೊಂದು ಕಥೆಯಲ್ಲಿ ನಗುವುದಕ್ಕೆ ಏನೂ ಇಲ್ಲ. ಜೀವಶಾಸ್ತ್ರದಲ್ಲಿ ನನ್ನ ಕ್ಲಾಸಿಗೇ ಮೊದಲಿದ್ದ ಹುಡುಗಿ ಒಬ್ಬಳಿದ್ದಳು. ಕಪ್ಪೆಯ ಚಿತ್ರ ಬಿಡಿಸಿದರೆ ಅದು ಹಾರೀತು ಅನ್ನಿಸಬೇಕು. ಪ್ಲಸ್ ವನ್ ಸಯನ್ಸ್ ಸೇರಿದಳು. ಓಣಂ ರಜೆಗೆ ಮುಂಚೆ ನನ್ನನ್ನು ನೋಡಲು ಬಂದಳು. "ಟೀಚರ್, ನಾನು ದಡ್ಡಿಯಾ?" ಎಂದು ಕೇಳಿದಳು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿರುತ್ತಿತ್ತಂತೆ. ಯಾವ ಭಾಷೆಯಲ್ಲಿ ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಇನ್ನೊಬ್ಬರು ಹೇಳಿಬಿಡುತ್ತಿದ್ದರಂತೆ. ಆಮೇಲೆ ಅವಳು ಹ್ಯುಮ್ಯಾನಿಟೀಸ್‌ಗೆ ಬದಲಾಯಿಸಿಕೊಂಡಳು. ಹ್ಯುಮ್ಯಾನಿಟೀಸ್ ಕೆಟ್ಟದು ಎಂದಲ್ಲ. ಅವಳು ಬೇಕೆಂದು ಆರಿಸಿದ್ದಲ್ಲ, ಅಷ್ಟೇ.

ಕಾಲೇಜಿಗೆ ಸೇರಿದವರ ಲೆಕ್ಕದಲ್ಲಿ ಇಂಥವರೂ ಬರುತ್ತಾರೆ. 41.3ರಲ್ಲಿ ಅವಳೂ ಒಬ್ಬಳು. ಅವಳ ಕಪ್ಪೆ ಯಾವ ಲೆಕ್ಕದಲ್ಲೂ ಇಲ್ಲ.

ಈಗ ಶಾಲೆಗೆ ಯಾರು ಬರುತ್ತಾರೆ ಎಂದು ಹೇಳುತ್ತೇನೆ. ಎಲ್ಲರಿಗಿಂತ ಮೊದಲು ಬರುವವರು ಸೀಟು ತುಂಬಿಸಬೇಕಾದವರು. ಗಡಿಯ ಆಚೆಯಿಂದ ಕಾರಿನಲ್ಲಿ ಬಂದು ಹೊಳೆಯುವ ಬ್ರೋಶರ್ ಹಂಚುತ್ತಾರೆ. ಅದರಲ್ಲಿ ಈಜುಕೊಳದ ಫೋಟೋ ಇರುತ್ತದೆ, ಫೀಸು ಇರುವುದಿಲ್ಲ. ಆಮೇಲೆ "ಉನ್ನತ ಶಿಕ್ಷಣ ಅರಿವು" ಎಂಬ ಬ್ಯಾನರ್ ಹಿಡಿದು ಬರುವವರು. ಒಮ್ಮೆ ಹೀಗೆ ಬಂದವರು ಇಂಗ್ಲಿಷ್‌ನಲ್ಲಿ ನಲವತ್ತು ಸ್ಲೈಡ್ ತೋರಿಸಿದರು. ಮಧ್ಯೆ ಕರೆಂಟ್ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಕರೆಂಟಿಗೆ ಎಂದು ನನ್ನ ಅನುಮಾನ. ಗ್ರೂಪ್ ಫೋಟೋ ಆಯಿತು, ನಮ್ಮ ಪಿಟಿಎಯ ಖರ್ಚಿನಲ್ಲಿ ಊಟ ಆಯಿತು. ಅವರು ಮತ್ತೆ ಬರಲಿಲ್ಲ. ಅವರ ವರದಿಯಲ್ಲಿ ನಮ್ಮ ಶಾಲೆ "ಫಲಾನುಭವಿ" ಆಗಿರಬಹುದು.

ಇಂಥ ದಿನಗಳ ಬದಲು ಏನು ಬೇಕು ಎಂದು ನಾನೂ ಕೇಳಿ ನೋಡಿದೆ. ಎರಡೂ ರಾಜ್ಯಗಳ ಒಂದೊಂದು ವಿಶ್ವವಿದ್ಯಾಲಯಕ್ಕೆ ಕಾಗದ ಬರೆದೆ. ಹೆಸರು ಬೇಡ, ಅಲ್ಲೂ ಒಳ್ಳೆಯವರು ಇದ್ದಾರೆ. ನಾನು ಕೇಳಿದ್ದು ದೊಡ್ಡದೇನಲ್ಲ. ಕನ್ನಡ ಬಲ್ಲ ಡಿಗ್ರಿ ವಿದ್ಯಾರ್ಥಿಗಳು ಇಬ್ಬರನ್ನು ಏಪ್ರಿಲ್‌ನಿಂದ ಪ್ಲಸ್ ವನ್ ಶುರುವಾಗುವವರೆಗೆ ಕಳಿಸಿಕೊಡಿ, ಬಸ್ಸಿನ ದುಡ್ಡು ನಾವು ಕೊಡುತ್ತೇವೆ ಎಂದಿದ್ದೆ. ಕರ್ನಾಟಕದ ಕಡೆಯವರು, ನಿಮ್ಮ ಶಾಲೆ ನಮ್ಮ ವ್ಯಾಪ್ತಿಯಲ್ಲಿ ಇಲ್ಲ ಅಂದರು. ನಿಜವೇ, ಕಾನೂನಿನ ಪ್ರಕಾರ ವ್ಯಾಪ್ತಿ ಗಡಿಯ ತಲಪಾಡಿಯಲ್ಲಿ ಮುಗಿಯುತ್ತದೆ. ಈ ಕಡೆಯವರು, ಕನ್ನಡದ ವಿಷಯ ಅಂದರೆ ಭಾಷಾ ವಿಭಾಗಕ್ಕೆ ಬರೆಯಿರಿ ಅಂದರು. ನನಗೆ ಬೇಕಾದದ್ದು ಕನ್ನಡದಲ್ಲಿ ಕೆಮಿಸ್ಟ್ರಿ. ಭಾಷಾ ವಿಭಾಗದವರು ಬಹಳ ಪ್ರೀತಿಯಿಂದ ಕವಿಗೋಷ್ಠಿ ಮಾಡೋಣ ಎಂದರು. ಮಾಡಿದೆವು. ಚೆನ್ನಾಗಿಯೇ ಆಯಿತು.

ಕೊನೆಗೆ ಬಂದವಳು ನಮ್ಮದೇ ಹಳೆಯ ವಿದ್ಯಾರ್ಥಿನಿ, ಬಿ.ಎಸ್ಸಿ. ಎರಡನೇ ವರ್ಷ. ಯಾವ ಆದೇಶವೂ ಇಲ್ಲ, ಯಾವ ಒಡಂಬಡಿಕೆಯೂ ಇಲ್ಲ. ಎಂಟು ಶನಿವಾರ ಬಂದಳು. ಎರಡು ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದಳು. ಕನ್ನಡ, ಇಂಗ್ಲಿಷ್, ಮಲಯಾಳ. ಪಾಠ ಮಾಡಿದ್ದು ಕಡಿಮೆ. ಕ್ಲಾಸಿನಲ್ಲಿ ಗೊತ್ತಾಗದಿದ್ದರೆ ಏನು ಕೇಳಬೇಕು, ಹೇಗೆ ಕೇಳಬೇಕು, ನಾಚಿಕೆ ಆದರೆ ಯಾವ ಟೀಚರ್ ಹತ್ತಿರ ಹೋಗಬೇಕು, ಇದನ್ನೇ ಜಾಸ್ತಿ ಹೇಳಿದ್ದು. ತನಗೆ ಮೊದಲ ಟೆಸ್ಟಿನಲ್ಲಿ ಎಷ್ಟು ಮಾರ್ಕು ಬಂದಿತ್ತು ಎಂದೂ ಹೇಳಿದಳು. ಅದನ್ನು ಕೇಳಿ ಮಕ್ಕಳ ಮುಖದಲ್ಲಿ ಬಂದ ಸಮಾಧಾನವನ್ನು ನೀನು ನೋಡಬೇಕಿತ್ತು. ಆ ಬ್ಯಾಚಿನಲ್ಲಿ ಸಯನ್ಸ್ ತೆಗೆದುಕೊಂಡ ಏಳು ಮಂದಿಯಲ್ಲಿ ಒಬ್ಬರೂ ಬಿಡಲಿಲ್ಲ. ಏಳು ಎಂದರೆ ನಿಮಗೆ ಸಂಖ್ಯೆಯೇ ಅಲ್ಲ, ಗೊತ್ತು. ನಮಗೆ ಅದು ಒಂದು ಬೆಂಚು ಮತ್ತು ಅರ್ಧ.

ಅವಳು ಈಗ ಎಂ.ಎಸ್ಸಿ.ಗೆ ಹೋದಳು. ಶನಿವಾರ ನಿಂತಿತು. ಒಬ್ಬಳ ಮೇಲೆ ನಿಂತದ್ದು ಹಾಗೆಯೇ ಅಲ್ವಾ. ಅವಳ ಜಾಗಕ್ಕೆ ವರ್ಷ ವರ್ಷ ಇನ್ನೊಬ್ಬರನ್ನು ಕಳಿಸುವುದು, ಆ ಎಂಟು ದಿನಕ್ಕೆ ಅವರಿಗೆ ಒಂದಿಷ್ಟು ಕ್ರೆಡಿಟ್ ಕೊಡುವುದು, ಇದು ವಿಶ್ವವಿದ್ಯಾಲಯದಿಂದ ಮಾತ್ರ ಆಗುವ ಕೆಲಸ. ಟೀಚರ್ ಕೈಯಲ್ಲಿ ಆಗುವುದಿಲ್ಲ.

ನೀನು ಕೇಳಬಹುದು, ಇಷ್ಟೆಲ್ಲ ಕಷ್ಟ ಯಾಕೆ, ಮಕ್ಕಳು ಕರ್ನಾಟಕಕ್ಕೇ ಬರಲಿ ಎಂದು. ಬರುತ್ತಾರೆ. ಬೆಳಿಗ್ಗೆಯ ಮಂಗಳೂರು ರೈಲಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಉಂಟು, ನಮ್ಮ ತಾಲೂಕುಗಳ ಹೆಸರು ಬರೆದೇ ಕೊಟ್ಟಿದ್ದಾರೆ. ಅದಕ್ಕೆ ಋಣಿ. ಆದರೆ ಅದರಲ್ಲಿ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ನನ್ನ ಹಿಂದಿನ ಬೆಂಚಿನ ಮರಾಠಿ ಹುಡುಗ ಹತ್ತು ವರ್ಷ ಕನ್ನಡದಲ್ಲಿ ಓದಿದವನು. ಅವನು ಆ ಕಲಂನಲ್ಲಿ ಏನು ಬರೆಯಬೇಕು? ಬರೆಯಲು ಆಗುವವರೂ ಕನ್ನಡ ಬರುತ್ತದೆ ಎಂದು ತೋರಿಸಲು ಒಂದು ಪರೀಕ್ಷೆಗೆ ಕೂರಬೇಕು. ಕೇರಳದಲ್ಲಿ ಮಲಯಾಳ ಬರುವುದಿಲ್ಲ ಎಂದು ಹಿಂದೆ ಬೀಳುತ್ತಾರೆ, ಕರ್ನಾಟಕದಲ್ಲಿ ಕನ್ನಡ ಬರುತ್ತದೆ ಎಂದು ಸಾಬೀತು ಮಾಡುತ್ತಾರೆ. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಾವು ಪೂರ್ತಿ ಕೇರಳದವರಾಗಿದ್ದೆವು. ನವೆಂಬರ್ ಬಂದಾಗ ಪೂರ್ತಿ ಕನ್ನಡಿಗರು.

ಸಿಟ್ಟು ಇಳಿದಿದೆ ಎಂದು ಮೇಲೆ ಬರೆದೆ. ಪೂರ್ತಿ ಇಳಿದಿಲ್ಲ ಅಂತ ಕಾಣುತ್ತದೆ.

ಬರಬೇಡ ಎಂದು ಹೇಳುತ್ತಿಲ್ಲ. ಖಂಡಿತ ಬಾ. ಬೆಂಗಳೂರು–ಕಣ್ಣೂರು ರೈಲು ಬೆಳಿಗ್ಗೆ ಕಾಸರಗೋಡಿಗೆ ಬರುತ್ತದೆ, ಸ್ಟೇಷನ್ನಿಗೆ ನಾನು ಬರುತ್ತೇನೆ. ತಿಂಡಿಗೆ ಪತ್ರೊಡೆ ಮಾಡಿಸುತ್ತೇನೆ, ಹಾಸ್ಟೆಲ್‌ನಲ್ಲಿ ಅಮ್ಮ ಕಳಿಸಿದ್ದನ್ನು ನೀನೊಬ್ಬಳೇ ಮುಗಿಸಿದ್ದು ಮರೆತಿಲ್ಲ. ಆದರೆ ಬ್ಯಾನರ್ ತರಬೇಡ. ಸ್ಲೈಡ್ ಬೇಡ. ಶನಿವಾರ ಬಾ, ನಿನ್ನ ಬಿ.ಕಾಂ. ಮಕ್ಕಳಲ್ಲಿ ಕನ್ನಡ ಮಾಧ್ಯಮದಿಂದ ಬಂದ ಇಬ್ಬರನ್ನು ಕರೆದುಕೊಂಡು ಬಾ. ಮೊದಲ ಟೆಸ್ಟಿನಲ್ಲಿ ಫೇಲಾದವರಾದರೆ ಇನ್ನೂ ಒಳ್ಳೆಯದು. ಮತ್ತೆ ಯಾವ ಶನಿವಾರ ಬರುತ್ತೀರಿ ಎಂದು ಮೊದಲೇ ಬರೆದುಕೊಟ್ಟು ಹೋಗಬೇಕು, ಅಷ್ಟೇ ನನ್ನ ಷರತ್ತು.

ಇನ್ನೊಂದು. ಆ ನೋಟ್‌ಬುಕ್ಕಿನಲ್ಲಿ ಸಯನ್ಸಿನ ಪುಟಗಳು ತುಂಬಿವೆ. ಕಾಮರ್ಸಿನ ಪುಟಗಳಲ್ಲಿ ಗೆರೆ ಮಾತ್ರ ಉಂಟು. ಮೊನ್ನೆ ಒಬ್ಬ ಬಂದು ಡಿಪ್ರಿಸಿಯೇಶನ್‌ಗೆ ಕನ್ನಡದಲ್ಲಿ ಏನು ಅನ್ನುವುದು ಎಂದು ಕೇಳಿದ. ಸವಕಳಿ ಎಂದು ಯಾರೋ ಹೇಳಿದ್ದು ನೆನಪಿತ್ತು, ಬರೆದುಕೊಟ್ಟೆ. ಕೂಡಲೇ, ಹಾಗಾದರೆ ಅಮಾರ್ಟೈಸೇಶನ್ ಅಂದರೆ ಏನು ಟೀಚರ್ ಎಂದ. ನಾನು ಸಯನ್ಸಿನವಳು ಮಾರಾಯ್ತಿ. ಆ ಸಾಲು ನಿನಗೆಂದು ಖಾಲಿ ಬಿಟ್ಟಿದ್ದೇನೆ.